ಹೊಗಳಿದರೆ ಹೋದಾಳು

ನಮ್ಮ ಕಡೆ ಯಾರ ಬಳಿಯೂ ಒಳ್ಳೆಯದು ಎಂಬುದು ಇರುವುದಿಲ್ಲ. ಕಾಪುವಿನ ಕಡಲ ಬದಿಯಲ್ಲಿ ದೋಣಿ ಎಳೆಯುತ್ತಿರುವವರನ್ನು "ಮೀನು ಉಂಟಾ?" ಎಂದು ಕೇಳಿ ನೋಡಿ. ದೋಣಿಯೊಳಗೆ ಬಂಗುಡೆ ರಾಶಿ ಬಿದ್ದು ಮಿನುಗುತ್ತಿರುತ್ತದೆ, ಉತ್ತರ ಮಾತ್ರ, "ಎಂತ ಮೀನು ಮಾರಾಯ್ರೆ, ಬಲೆ ಹರಿದದ್ದೇ ಲಾಭ." ಶಿರ್ವದಲ್ಲಿ ಅರಮನೆಯಂಥ ಮನೆ ಕಟ್ಟಿಸಿದವರು ಗೇಟಿನ ಹತ್ತಿರವೇ ನಿಂತು, "ಒಂದು ಸಣ್ಣ ಮನೆ ಡಾಕ್ಟ್ರೇ, ತಲೆ ಮೇಲೆ ಮಳೆ ಬೀಳದಿದ್ರೆ ಸಾಕು ಅಂತ" ಎಂದು ಕ್ಷಮೆ ಕೇಳುವ ದನಿಯಲ್ಲಿ ಹೇಳುತ್ತಾರೆ. ಇದು ವಿನಯವಲ್ಲ, ದೃಷ್ಟಿಯ ಭಯ. ಇರುವುದನ್ನು ಇದೆ ಎಂದರೆ ಯಾರದಾದರೂ ಕಣ್ಣು ಬೀಳುತ್ತದೆ. ಕಣ್ಣು ಬಿದ್ದದ್ದು ಕೈಯಲ್ಲಿ ಉಳಿಯುವುದಿಲ್ಲ.

ನಾವು ವೈದ್ಯರು ವಿಜ್ಞಾನ ಓದಿದವರು, ದೃಷ್ಟಿ ಗಿಷ್ಟಿ ನಂಬುವವರಲ್ಲ. ಆದರೂ "ಪ್ರಾಕ್ಟೀಸ್ ಹೇಗುಂಟು?" ಎಂದು ಯಾರಾದರೂ ಕೇಳಿದರೆ, ಹೊರಗೆ ಕಾಯುವವರಿಗೆ ಕೂರಲು ಬೆಂಚು ಸಾಲದಿದ್ದರೂ, "ನೊಣ ಹೊಡೆಯುದು" ಎಂದೇ ಹೇಳುತ್ತೇವೆ. ಈ ಅಭ್ಯಾಸದಿಂದ ಇಷ್ಟರವರೆಗೆ ಯಾರಿಗೂ ನಷ್ಟವಾಗಿರಲಿಲ್ಲ. ಮೊದಲ ನಷ್ಟ ನನ್ನ ಪಾಲಿಗೇ ಬರುವುದರಲ್ಲಿತ್ತು.

ನಾನು ಐವತ್ತು ದಾಟಿದವನು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವೇ ನನ್ನ ಅನ್ನ. ಮಣಿಪಾಲದಿಂದ ಉಡುಪಿಗೆ ಇಳಿಯುವ ಕಡೆ, ದೊಡ್ಡದೂ ಅಲ್ಲದ ಸಣ್ಣದೂ ಅಲ್ಲದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ. ಮಂಗಳವಾರ ಕಾಪುವಿನಲ್ಲಿ, ಶುಕ್ರವಾರ ಕಾರ್ಕಳದಲ್ಲಿ ಅದೇ ಆಸ್ಪತ್ರೆಯ ಪುಟ್ಟ ಕ್ಲಿನಿಕ್ಕುಗಳನ್ನು ನೋಡಿಕೊಳ್ಳುತ್ತೇನೆ. ಸ್ವಭಾವದಲ್ಲಿ ನಾನು ಹೆದರುವವನು. ಮನೆಯ ಬೀಗ ಹಾಕಿದ ಮೇಲೆ ಎಳೆದು ನೋಡುವವರು ಎಲ್ಲ ಕಡೆ ಇದ್ದಾರೆ. ನಾನು ಎಳೆದು ನೋಡಿದ್ದು ಸರಿಯಾಗಿತ್ತೇ ಎಂದು ನೋಡಲು ಮತ್ತೆ ಹಿಂದಿರುಗುವವನು. ಮಾತ್ರೆ ಬರೆದುಕೊಟ್ಟು ಕಳಿಸಿದವರಿಗೆ ಸಂಜೆ ಫೋನು ಮಾಡಿ, "ಅದು ಊಟದ ನಂತರ, ಗೊತ್ತಾಯ್ತಲ್ಲ?" ಎಂದು ಕೇಳುತ್ತೇನೆ. ಅವರು ನನ್ನನ್ನು ಕಾಳಜಿಯ ಮನುಷ್ಯ ಎಂದುಕೊಂಡಿದ್ದಾರೆ. ಹೆಂಡತಿಗೆ ಮಾತ್ರ ನಿಜ ಗೊತ್ತು.

ಇಂಥ ನನಗೆ ಆಸ್ಪತ್ರೆಯವರು ಒಬ್ಬ ಫಿಸಿಷಿಯನ್ ಅಸಿಸ್ಟೆಂಟನ್ನು ಕೊಟ್ಟರು. ಚಿಕ್ಕದಾಗಿ ಪಿಎ. ಈ ಸುದ್ದಿ ಕಾಪುವಿಗೆ ತಲುಪಿದಾಗ ನನ್ನ ಹಳೆಯ ರೋಗಿಯೊಬ್ಬರು, "ಪಿಎ ಇಟ್ಟುಕೊಂಡಿದ್ದೀರಂತೆ, ಈ ಸಲ ಎಲೆಕ್ಷನಿಗೆ ನಿಲ್ತೀರಾ?" ಎಂದು ಕೇಳಿದ್ದರು. ಅವರ ತಪ್ಪಲ್ಲ. ಈ ಕೆಲಸ ಏನೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಪಿಎ ಎಂದರೆ ನರ್ಸ್ ಅಲ್ಲ, ಡಾಕ್ಟರೂ ಅಲ್ಲ. ಅದಕ್ಕೆ ಬೇರೆಯೇ ಓದು, ಬೇರೆಯೇ ಪದವಿ. ರೋಗಿಯ ಕಥೆಯನ್ನು ಪೂರ್ತಿ ಕೇಳಿ, ಪರೀಕ್ಷೆ ಮಾಡಿ, ಇಂಥದ್ದಿರಬಹುದು ಎಂದು ವೈದ್ಯರಿಗೆ ಹೇಳುವುದು. ಆಮೇಲೆ ವೈದ್ಯರು ಗೊಣಗಿದ್ದನ್ನು ರೋಗಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳುವುದು. ತೀರ್ಮಾನ ಮತ್ತು ಸಹಿ ವೈದ್ಯರದ್ದು.

ಬಂದವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಅಪ್ಪ ಅಮ್ಮ ಗದಗದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಈಕೆ ಉಡುಪಿಯಲ್ಲೇ ಬೆಳೆದವಳು. ಮನೆಯಲ್ಲಿ ಗದಗದ ಕನ್ನಡ, ಬೀದಿಯಲ್ಲಿ ತುಳು, ನನ್ನಂಥವರ ಮುಂದೆ ಪುಸ್ತಕದಂಥ ಕನ್ನಡ. ತಾಳ್ಮೆ ಸ್ವಲ್ಪ ಕಡಿಮೆ. ಒಂದೇ ಮಾತನ್ನು ಎರಡನೇ ಸಲ ಕೇಳಿದರೆ ಹುಬ್ಬು ಮೇಲೇರುತ್ತದೆ. ನಾನೋ, ಯಾವ ಮಾತನ್ನೂ ಎರಡು ಸಲಕ್ಕಿಂತ ಕಡಿಮೆ ಕೇಳಿದವನಲ್ಲ.

ಮೊದಲ ತಿಂಗಳುಗಳಲ್ಲಿ ಆಕೆ ಮಾಡಿದ್ದನ್ನೆಲ್ಲ ನಾನು ಮತ್ತೊಮ್ಮೆ ಮಾಡಿದೆ. ಆಕೆ ಬಿಪಿ ನೋಡಿ ಕಳಿಸಿದವರ ತೋಳಿಗೆ ನಾನು ಮತ್ತೆ ಪಟ್ಟಿ ಸುತ್ತುತ್ತಿದ್ದೆ. ರೋಗಿಗಳಿಗೆ ಗಾಬರಿ. "ಎರಡೆರಡು ಸಲ ನೋಡ್ತಿದ್ದೀರಲ್ಲ ಡಾಕ್ಟ್ರೇ, ನನಗೆ ಎಂತದೋ ದೊಡ್ಡದು ಉಂಟು ಅಲ್ವಾ?" ಆ ಗಾಬರಿಗೆ ಎರಡನೇ ಸಲದ ಬಿಪಿ ಖಂಡಿತ ಜಾಸ್ತಿ ಬರುತ್ತಿತ್ತು. ನೋಡಿದಿರಾ, ನಾನು ನೋಡಿದ್ದು ಒಳ್ಳೆಯದಾಯಿತು ಎಂದು ನಾನು ಸಮಾಧಾನಪಡುತ್ತಿದ್ದೆ. ಸಹಾಯಕಿ ಬಂದ ಮೇಲೆ ಕ್ಲಿನಿಕ್ಕು ಮುಗಿಯುವುದು ಮೊದಲಿಗಿಂತ ತಡವಾಗತೊಡಗಿತು.

ಆಮೇಲೆ ನಿಧಾನವಾಗಿ ಒಂದು ವಿಷಯ ನನ್ನ ಗಮನಕ್ಕೆ ಬಂತು. ನನ್ನ ರೋಗಿಗಳು ನನಗೆ ಸುಳ್ಳು ಹೇಳುತ್ತಿದ್ದರು. ಕೆಟ್ಟ ಉದ್ದೇಶದಿಂದಲ್ಲ, ಮರ್ಯಾದೆಯಿಂದ. ಡಾಕ್ಟರ ಎದುರು ಕೂತ ಕೂಡಲೇ ನಮ್ಮ ಜನ ಬೆನ್ನು ನೆಟ್ಟಗೆ ಮಾಡಿ, "ಎಲ್ಲ ಸರಿ ಉಂಟು" ಎನ್ನುತ್ತಾರೆ. ಎಲ್ಲ ಸರಿ ಇದ್ದವರು ನನ್ನಲ್ಲಿಗೆ ಯಾಕೆ ಬರಬೇಕು ಎಂದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಆಕೆ ಮಾತ್ರ ಹೊರಗೆ ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಹೋಗಿ ಕೂರುತ್ತಿದ್ದಳು. ದಿನಾ ಬೆಳಿಗ್ಗೆ ಬಿರುಸಾಗಿ ನಡೆಯುತ್ತೇನೆಂದು ನನ್ನ ಮುಂದೆ ಎದೆ ತಟ್ಟಿ ಹೇಳಿದ ನಿವೃತ್ತ ಮೇಷ್ಟ್ರೊಬ್ಬರು, ಆಕೆಯ ಹತ್ತಿರ ತುಳುವಿನಲ್ಲಿ, ನಡೆಯುವುದು ಹೋಟೆಲಿನವರೆಗೆ ಎಂದೂ, ಅಲ್ಲಿ ಗೋಳಿಬಜೆ ಬಿಸಿ ಇದ್ದರೆ ವಾಪಸು ಬರುವುದು ರಿಕ್ಷಾದಲ್ಲಿ ಎಂದೂ ಒಪ್ಪಿಕೊಂಡಿದ್ದರು. ಕಾರ್ಕಳದಲ್ಲಿ ಕಲ್ಲು ಕೆಲಸ ಮಾಡುವ ಬಾಗಲಕೋಟೆಯ ಕಡೆಯ ಒಬ್ಬರಿಗೆ ನಾನು ಇನ್ಸುಲಿನ್ ಹೆಚ್ಚಿಸುತ್ತಲೇ ಹೋಗಿದ್ದೆ. ನಾನು ಏನು ಕೇಳಿದರೂ ಅವರು "ಹೌದ್ರಿ ಸಾಹೇಬ್ರ" ಎನ್ನುತ್ತಿದ್ದರು. ಆಕೆ ಅವರದೇ ಮಾತಿನಲ್ಲಿ ಹರಟೆ ಹೊಡೆದು, ಔಷಧ ತಗಡಿನ ಶೆಡ್ಡಿನ ಬಿಸಿಯಲ್ಲಿ ಬೇಯುತ್ತಿದೆ ಎಂದು ತಿಳಿದುಕೊಂಡು ಬಂದಳು. ಮಡಕೆಯ ನೀರಿನಲ್ಲಿ ಡಬ್ಬಿ ಇಟ್ಟು ಅದರೊಳಗೆ ಔಷಧ ಇಡುವ ಉಪಾಯ ಹೇಳಿದ ಮೇಲೆ ಸಕ್ಕರೆ ಇಳಿಯಿತು. ಅದರ ಜೊತೆ ನನ್ನ ಅಹಂಕಾರವೂ ಸ್ವಲ್ಪ ಇಳಿಯಬೇಕಾಗಿತ್ತು. ಅದು ಅಷ್ಟು ಸುಲಭದಲ್ಲಿ ಔಷಧಕ್ಕೆ ಬಗ್ಗುವಂಥದ್ದಲ್ಲ.

ಹಾಗೆಂದು ಆಕೆಯನ್ನು ದೇವತೆ ಮಾಡುವುದು ಬೇಡ. ಆಕೆಗೆ ಅವಸರ. ಭುಜ ನೋವು ಎಂದು ಬಂದ ಒಬ್ಬ ಹೆಂಗಸನ್ನು, ಮದುವೆ ಮನೆಯಲ್ಲಿ ಪಾತ್ರೆ ಎತ್ತಿದ್ದಕ್ಕೆ ಸ್ನಾಯು ಹಿಡಿದಿದೆ ಎಂದು ತೀರ್ಮಾನಿಸಿ ನನ್ನ ಬಳಿ ಕಳಿಸಿದ್ದಳು. ಕಾರಣವೇ ಇಲ್ಲದೆ ಎಲ್ಲರಿಗೂ ಇಸಿಜಿ ಬರೆಯುವ ಚಟ ನನ್ನದು. ಅಂದು ಆ ಚಟ ಒಂದು ಜೀವ ಉಳಿಸಿತು, ನೋವು ಹೃದಯದ್ದಾಗಿತ್ತು. ಉಡುಪಿಗೆ ಹಿಂದಿರುಗುವಾಗ ಕಾರಿನಲ್ಲಿ ಆಕೆ ಹಿರಿಯಡ್ಕದವರೆಗೆ ಮೊಬೈಲಿನಲ್ಲಿ ಆ ಇಸಿಜಿಯ ಫೋಟೋವನ್ನೇ ನೋಡುತ್ತಿದ್ದಳು. ಆಮೇಲೆ ಹೇಳಿದಳು:

"ನಾನು ತಪ್ಪಿದೆ ಸರ್."

"ಆಗ್ತದೆ" ಎಂದೆ.

"ಆಗ್ಬಾರ್ದು. ಇನ್ನು ಭುಜ ಅಂದ್ರೆ ಮೊದಲು ಎದೆ ನೋಡ್ತೇನೆ."

ಹೀಗೆ ಕಾರೇ ನಮ್ಮ ಪಾಠಶಾಲೆಯಾಯಿತು. ಹೋಗುವಾಗ ಯಾರು ಬರಲಿಕ್ಕಿದ್ದಾರೆ ಎಂಬ ಮಾತು, ಬರುವಾಗ ಯಾರಲ್ಲಿ ಎಲ್ಲಿ ಎಡವಿದೆವು ಎಂಬ ಮಾತು. ಆಕೆ ನನ್ನನ್ನೂ ಬಿಡುತ್ತಿರಲಿಲ್ಲ. "ಆ ಅಜ್ಜನಿಗೆ ನೀವು ಒಂದೇ ಕೆಲಸದ ಎರಡು ಮಾತ್ರೆ ಬರೆದಿದ್ರಿ ಸರ್, ಚೀಟಿ ಮೆಡಿಕಲ್ಲಿಗೆ ಹೋಗುವ ಮೊದಲೇ ನಾನು ತಡೆದೆ" ಎಂದು ಗೇರು ಹಣ್ಣಿನ ಬಗ್ಗೆ ಮಾತಾಡುವಷ್ಟೇ ಸಲೀಸಾಗಿ ಹೇಳುತ್ತಿದ್ದಳು. ನಾನು ಸ್ಟೀರಿಂಗ್ ಗಟ್ಟಿ ಹಿಡಿದು "ಹೌದಾ" ಎನ್ನುತ್ತಿದ್ದೆ. ಇಷ್ಟು ವರ್ಷ ಹಾಗೆ ಎಷ್ಟು ಮಾತ್ರೆಗಳು ಯಾರೂ ತಡೆಯದೆ ಹೋಗಿರಬಹುದು ಎಂದು ಯೋಚಿಸುತ್ತಿದ್ದೆ. ಹೆದರುವವನಿಗೆ ಹೆದರಲು ಹೊಸ ವಿಷಯ ಸಿಕ್ಕಿತು. ಆದರೆ ಆ ಭಯವನ್ನು ಹಂಚಿಕೊಳ್ಳಲು ಪಕ್ಕದ ಸೀಟಿನಲ್ಲಿ ಜನವೂ ಸಿಕ್ಕಿತು.

ಇಷ್ಟು ಒಳ್ಳೆಯದು ಕೈಗೆ ಬಂದ ಮೇಲೆ ನಮ್ಮ ಕಡೆಯವನು ಏನು ಮಾಡುತ್ತಾನೆ? ದೂರುತ್ತಾನೆ.

ಆಸ್ಪತ್ರೆಯಲ್ಲಿ ಡಾಕ್ಟರುಗಳಿಗೆಂದು ಒಂದು ಕೋಣೆ ಇದೆ. ಮಧ್ಯಾಹ್ನದ ಚಾ ಅಲ್ಲಿ. ನನ್ನಂತೆ ಪಿಎ ಇರುವವರು ಇನ್ನೂ ಕೆಲವರು ಇದ್ದರು. ಅಲ್ಲಿ ನಡೆಯುತ್ತಿದ್ದದ್ದು ಗೋಳಿನ ಸ್ಪರ್ಧೆ. ನಮ್ಮೆಲ್ಲರಿಗಿಂತ ಹಿರಿಯರಾದ ಮೂಳೆ ಡಾಕ್ಟರು ಆರಂಭಿಸುತ್ತಿದ್ದರು. "ನನ್ನವನಿಗೆ ಎಡಗಾಲು ಯಾವುದು ಬಲಗಾಲು ಯಾವುದು ಅಂತ ತಿಳಿಯುವಾಗ ನಾನು ರಿಟೈರ್ ಆಗ್ತೇನೆ." ಆ ಹುಡುಗ ಬಾರದೆ ಅವರು ಆಪರೇಷನ್ ಶುರುಮಾಡುವುದಿಲ್ಲ ಎಂಬುದು ಇಡೀ ಆಸ್ಪತ್ರೆಗೆ ಗೊತ್ತಿತ್ತು. ಹೆರಿಗೆ ಡಾಕ್ಟರಮ್ಮ, "ನನ್ನವಳು ಮಾತು ಜಾಸ್ತಿ, ಕೆಲಸ ಅಷ್ಟಕ್ಕಷ್ಟೇ" ಎನ್ನುತ್ತಿದ್ದರು. ನನ್ನ ಸರದಿ ಬಂದಾಗ ನಾನೂ ಬಿಸ್ಕೆಟ್ ಅದ್ದುತ್ತಾ, "ಎಂತ ಪ್ರಯೋಜನ ಮಾರಾಯ್ರೆ, ಅವಳು ನೋಡಿದ್ದನ್ನೆಲ್ಲ ನಾನು ಮತ್ತೆ ನೋಡ್ಬೇಕು" ಎಂದು ಹೇಳುತ್ತಿದ್ದೆ. ಹೊಗಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಮೂಳೆ ಡಾಕ್ಟರಿಗೆ ಒಬ್ಬ ಪಿಎ ಸಾಕಾಗುತ್ತಿರಲಿಲ್ಲ. ಅವರ ಕಣ್ಣು ಯಾವಾಗಲೂ ಬೇರೆಯವರ ಕೋಣೆಯ ಮೇಲೆ. ಹೊಗಳಿದರೆ ಹೋದಾಳು. ಅದಲ್ಲದೆ ಇನ್ನೊಂದು ಭಯವೂ ಇತ್ತು. ಆಕೆ ಅಷ್ಟೊಂದು ಒಳ್ಳೆಯವಳು ಎಂದರೆ, ಹಾಗಾದರೆ ಇವನು ಯಾಕೆ ಎಂದು ಯಾರಾದರೂ ಕೇಳಿದರೆ?

ಮನೆಯಲ್ಲಿ ಹೆಂಡತಿಗೆ ಮಾತ್ರ ನಿಜ ಹೇಳುತ್ತಿದ್ದೆ. ಅವಳು ಮೀನು ಹುರಿಯುತ್ತಾ ಕೇಳಿದ್ದಳು, "ಇದನ್ನೆಲ್ಲ ಆ ಹುಡುಗಿಗೆ ಹೇಳಿದ್ದೀರಾ?"

"ಛೆ, ಅದು ಹೇಗೆ ಹೇಳುದು?"

"ಹಾಗಾದ್ರೆ ನನಗೆ ಯಾಕೆ ಹೇಳುದು? ನಾನೆಂತ ನಿಮ್ಮ ಬಿಪಿ ನೋಡ್ತೇನಾ?"

ಹೀಗಿರುವಾಗ ಆಸ್ಪತ್ರೆಗೆ ಹೊಸ ಆಡಳಿತಾಧಿಕಾರಿ ಬಂದರು. ಮೈಸೂರು ಕಡೆಯವರು, ಮೊದಲು ಹೋಟೆಲುಗಳನ್ನು ನಡೆಸಿದವರು, ಸಜ್ಜನರು. ಅವರಲ್ಲಿದ್ದ ಒಂದೇ ಕೊರತೆ, ಜನ ಹೇಳಿದ್ದನ್ನು ನಂಬುವುದು. ಪಿಎಗಳಿಂದ ಡಾಕ್ಟರುಗಳಿಗೆ ಎಷ್ಟು ಪ್ರಯೋಜನವಾಗುತ್ತಿದೆ ಎಂದು ತಿಳಿಯುವ ಆಸೆ ಅವರಿಗಾಯಿತು. ಕೆಲವು ಮಧ್ಯಾಹ್ನ ನಮ್ಮ ಜೊತೆ ಚಾ ಕುಡಿದು, ಒಬ್ಬೊಬ್ಬರನ್ನೇ ವಿಚಾರಿಸಿದರು. ನಾವು ಹೇಳುವುದನ್ನೇ ಹೇಳಿದೆವು. ಹೊಸಬರು ಎಂದು ಸ್ವಲ್ಪ ಜಾಸ್ತಿಯೇ ಹೇಳಿದೆವು. ಮೂಳೆ ಡಾಕ್ಟರು ಎಡಗಾಲು ಬಲಗಾಲಿನ ಮಾತು ಹೇಳಿದಾಗ ಅವರ ಮುಖ ಬಿಳಿಚಿಕೊಂಡದ್ದನ್ನು ನಾನು ನೋಡಿದ್ದೆ. ಪಾಪ, ಚಾ ಬಿಸಿ ಇರಬೇಕು ಎಂದುಕೊಂಡೆ.

ಒಂದು ಬುಧವಾರ ಅವರೇ ನನ್ನ ಕೋಣೆಗೆ ಬಂದರು. ಮುಖದಲ್ಲಿ ಉಪಕಾರ ಮಾಡಿದವರ ಬೆಳಕು.

"ಸಾರ್, ಪಿಎಗಳಿಂದ ನಿಮ್ಗೆಲ್ಲ ತೊಂದ್ರೆ ಆಗ್ತಿತ್ತಲ್ಲ, ಅದನ್ನ ಮುಗ್ಸಿಬಿಟ್ಟಿದೀನಿ. ಮುಂದಿನ ತಿಂಗ್ಳಿಂದ ಅವ್ರೆಲ್ಲ ವಿಮೆ ಕೌಂಟರಿಗೆ. ನೀವು ಇನ್ನು ಆರಾಮಾಗಿ ಒಬ್ರೇ ನೋಡ್ಕೋಬೋದು. ಸಂತೋಷ ತಾನೆ ಸಾರ್?"

ಅಯ್ಯೋ, ಅದು ನಾವು ಸುಮ್ಮನೆ ಹೇಳಿದ್ದು ಎಂದು ಆಗಲೇ ಹೇಳಬೇಕಿತ್ತು. ನನ್ನ ಬಾಯಿಂದ ಹೊರಟದ್ದು, "ಓ, ಹೌದಾ? ಥ್ಯಾಂಕ್ಸ್." ಅಭ್ಯಾಸಬಲ.

ಆ ಶುಕ್ರವಾರ ಕಾರ್ಕಳಕ್ಕೆ ಹೊರಟಾಗ ಆಕೆ ಕಾರಿನ ಬಾಗಿಲನ್ನು ಅಗತ್ಯಕ್ಕಿಂತ ಮೆತ್ತಗೆ ಹಾಕಿದಳು. ಜೋರಾಗಿ ಹಾಕಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಪರ್ಕಳ ದಾಟಿದೆವು.

"ನಿಮಗೆ ನನ್ನಿಂದ ತೊಂದರೆ ಆಗ್ತಿತ್ತಂತೆ ಸರ್" ಎಂದಳು.

ನಾನು ಕಾರಿನ ವೇಗ ಇಳಿಸಿದೆ. ಎರಡು ಭಯಗಳನ್ನು ಒಟ್ಟಿಗೆ ಓಡಿಸುವುದು ನನಗೆ ಬರುವುದಿಲ್ಲ. "ಹಾಗಲ್ಲ. ಅದು... ನಮ್ಮ ಕಡೆ ಹಾಗೆ. ಒಳ್ಳೆಯದನ್ನು ಒಳ್ಳೆಯದು ಅಂತ ಹೇಳುವ ಕ್ರಮ ಇಲ್ಲ. ದೃಷ್ಟಿ ತಾಗ್ತದೆ ಅಂತ. ನಿಮಗೆ ಗೊತ್ತುಂಟಲ್ಲ?"

"ಗೊತ್ತುಂಟು ಸರ್. ನಮ್ಮ ಮನೇಲೂ ದೃಷ್ಟಿ ತೆಗೀತಾರೆ. ಒಣಮೆಣಸು ಸುಡ್ತಾರೆ." ಕಿಟಕಿಯ ಹೊರಗೆ ನೋಡುತ್ತಾ ಹೇಳಿದಳು, "ನೀವು ನನ್ನನ್ನೇ ಸುಟ್ರಿ."

ಅಂದು ಕಾರ್ಕಳದಲ್ಲಿ ಆಕೆ ಮಾಡಿದ ಕೆಲಸದಲ್ಲಿ ಯಾರೂ ಒಂದು ತಪ್ಪು ಹುಡುಕುವಂತಿರಲಿಲ್ಲ. ಬಿಪಿ ಇಷ್ಟು, ಸಕ್ಕರೆ ಇಷ್ಟು, ತೂಕ ಇಷ್ಟು, ಮುಂದಿನವರು. ಕೇಳಿದ್ದಕ್ಕೆ ಉತ್ತರ, ಕೇಳದ್ದಕ್ಕೆ ಇಲ್ಲ. ಆ ಅಮ್ಮನಿಗೆ ಸೊಸೆಯ ಜೊತೆ ಜಗಳವಾದ ವಾರವೆಲ್ಲ ಮಾತ್ರೆ ನಿಲ್ಲುತ್ತದೆ, ಈ ಅಣ್ಣ ಉಪವಾಸವಿದ್ದರೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ, ಇಂಥ ಮಾತು ಒಂದೂ ಇಲ್ಲ. ನನ್ನ ಮುಂದೆ ಕೂತವರೆಲ್ಲ ಬೆನ್ನು ನೆಟ್ಟಗೆ ಮಾಡಿ "ಎಲ್ಲ ಸರಿ ಉಂಟು ಡಾಕ್ಟ್ರೇ" ಎಂದರು. ಅಷ್ಟೊಂದು ಆರೋಗ್ಯವಂತರನ್ನು ಒಂದೇ ದಿನ ನೋಡಿ ನಾನು ಬೆವತುಹೋದೆ. ಇನ್ನು ಮುಂದೆ ಪ್ರತಿ ವಾರವೂ ಹೀಗೇ, ಈ ಅರೆಬರೆ ಸುದ್ದಿಯನ್ನು ನಂಬಿಕೊಂಡೇ ಇವರಿಗೆಲ್ಲ ಔಷಧ ಬರೆಯಬೇಕು ಎಂಬುದು ಆಗ ಸ್ಪಷ್ಟವಾಯಿತು.

ಮರುದಿನ ಡಾಕ್ಟರುಗಳ ಕೋಣೆಯಲ್ಲಿ ಸೂತಕದ ಕಳೆ. ಎಲ್ಲರಿಗೂ ಅದೇ ಸುದ್ದಿ, ಅದೇ ಉಪಕಾರ ಆಗಿತ್ತು.

"ನೀವು ಆ ಕಾಲಿನ ಮಾತು ಹೇಳ್ಬಾರ್ದಿತ್ತು" ಎಂದು ಹೆರಿಗೆ ಡಾಕ್ಟರಮ್ಮ ಮೂಳೆ ಡಾಕ್ಟರ ಮೇಲೆ ಹರಿಹಾಯ್ದರು.

"ನಾನು ಹತ್ತು ವರ್ಷದಿಂದ ಎಲ್ಲರ ಬಗ್ಗೆಯೂ ಅದೇ ಹೇಳುದು ಮಾರಾಯ್ತಿ! ಆ ಮನುಷ್ಯ ನಂಬ್ತಾನೆ ಅಂತ ಯಾರಿಗೆ ಗೊತ್ತು?"

ಮುಂದಿನ ವಾರ ಆಡಳಿತದವರ ಜೊತೆ ಎಲ್ಲ ವೈದ್ಯರ ಸಭೆ ಇತ್ತು. ಅಲ್ಲಿ ಮೂಳೆ ಡಾಕ್ಟರೇ ಹಿರಿಯರಾಗಿ ವಿಷಯ ಎತ್ತಬೇಕು, ನಾವು ಹಿಂದಿನಿಂದ ಸೇರಿಕೊಳ್ಳುವುದು ಎಂದು ತೀರ್ಮಾನವಾಯಿತು. ಸಭೆಯಲ್ಲಿ ಬನ್ಸು, ಚಾ ಆಯಿತು. ಮೂಳೆ ಡಾಕ್ಟರು ಗಂಟಲು ಸರಿಮಾಡಿಕೊಂಡು ಎದ್ದು ನಿಂತರು. ಆಪರೇಷನ್ ಥಿಯೇಟರಿನ ಏಸಿ ಸದ್ದು ಮಾಡುತ್ತದೆ ಎಂದು ಹೇಳಿ ಕೂತರು.

ನನಗೆ ಅರ್ಥವಾಯಿತು. ಮೊದಲು ಹೊಗಳಿದವನ ಪಿಎ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಎಲ್ಲರೂ ಇನ್ನೊಬ್ಬರು ಬಾಯಿ ಬಿಡಲಿ ಎಂದು ಬನ್ಸಿನ ತುಣುಕುಗಳನ್ನು ನೋಡುತ್ತಾ ಕೂತಿದ್ದರು. ಆಡಳಿತಾಧಿಕಾರಿ, "ಬೇರೆ ಏನೂ ಇಲ್ಲ ತಾನೆ ಸಾರ್?" ಎಂದು ಏಳಲು ಹೊರಟರು.

ನಾನು ಎದ್ದೆ. ಧೈರ್ಯದಿಂದ ಅಲ್ಲ, ಮುಂದಿನ ಶುಕ್ರವಾರದ ಭಯ ಈ ಸಭೆಯ ಭಯಕ್ಕಿಂತ ದೊಡ್ಡದಾಗಿತ್ತು, ಅಷ್ಟೇ.

"ಪಿಎಗಳನ್ನು ತೆಗೀಬಾರ್ದು" ಎಂದೆ. "ನಾವು ಹೇಳಿದ್ದು ಸರಿಯಲ್ಲ."

"ಯಾವ್ದು ಸಾರ್?"

"ಎಲ್ಲವೂ."

ಹೊಗಳುವುದಕ್ಕೂ ಅಭ್ಯಾಸ ಬೇಕು. ಬೈಗುಳಕ್ಕೆ ನನ್ನಲ್ಲಿ ನೂರು ಮಾತು ಸಿದ್ಧವಿತ್ತು, ಹೊಗಳಿಕೆಗೆ ಒಂದೂ ಇಲ್ಲ. ಕೊನೆಗೆ ತೋಚಿದ್ದನ್ನು ಹೇಳಿದೆ. ಆಕೆ ಇದ್ದರೆ ನನ್ನ ರೋಗಿಗಳು ನನಗೆ ಕಡಿಮೆ ಸುಳ್ಳು ಹೇಳುತ್ತಾರೆ ಎಂದೆ. ಆಕೆಯ ತಪ್ಪು ನಾನು ಹಿಡಿದಿದ್ದೇನೆ, ನನ್ನ ತಪ್ಪು ಆಕೆ ಹಿಡಿದಿದ್ದಾಳೆ, ಇಬ್ಬರದ್ದೂ ಸೇರಿ ರೋಗಿಗಳವರೆಗೆ ತಲುಪುವ ತಪ್ಪು ಕಡಿಮೆಯಾಗಿದೆ ಎಂದೆ. ನನ್ನ ತಪ್ಪು ಎಂಬ ಮಾತು ಬಂದಾಗ ಸಭೆಯಲ್ಲಿ ಯಾರೋ ಕೆಮ್ಮಿದರು. ವೈದ್ಯರ ಸಭೆಗಳಲ್ಲಿ ಆ ಮಾತು ಆಡುವ ರೂಢಿ ಇಲ್ಲ.

ಕಟ್ಟೆ ಒಡೆಯಿತು. ಹೆರಿಗೆ ಡಾಕ್ಟರಮ್ಮ ಎದ್ದು, ತಮ್ಮವಳು ಇಲ್ಲದಿದ್ದರೆ ಬಸುರಿಯರ ಅತ್ತೆಯಂದಿರನ್ನು ನಿಭಾಯಿಸುವುದು ಯಾರು ಎಂದು ಕೇಳಿದರು. ಮೂಳೆ ಡಾಕ್ಟರು ತಮ್ಮ ಹುಡುಗನಿಗೆ ಎಡಗಾಲು ಬಲಗಾಲು ಚೆನ್ನಾಗಿ ಗೊತ್ತಿದೆ ಎಂದು ಎಲ್ಲರೆದುರು ಪ್ರಮಾಣ ಮಾಡಿದರು. ಈಗ ಹೊಗಳಿಕೆಯ ಸ್ಪರ್ಧೆ. ಒಬ್ಬರ ಪಿಎಗಿಂತ ಇನ್ನೊಬ್ಬರ ಪಿಎ ಮೇಲು. ಇವರ ಮಾತು ಇನ್ನೂ ಸ್ವಲ್ಪ ಮುಂದುವರಿದರೆ ಆಸ್ಪತ್ರೆಗೆ ಡಾಕ್ಟರುಗಳೇ ಬೇಡ ಎಂದು ತೀರ್ಮಾನವಾಗುತ್ತದೇನೋ ಎಂದು ನಾನು ಕುರ್ಚಿಯ ತುದಿಗೆ ಬಂದೆ.

ಆಡಳಿತಾಧಿಕಾರಿ ದಿಕ್ಕುಗೆಟ್ಟು ನೋಡಿದರು. "ಮತ್ತೆ ಹೋದ ತಿಂಗ್ಳು ಯಾಕ್ ಸಾರ್ ಹಾಗಂದ್ರಿ?"

"ಅದು ದೃಷ್ಟಿಗೆ" ಎಂದರು ಮೂಳೆ ಡಾಕ್ಟರು, ಯಾವುದೋ ಔಷಧದ ಹೆಸರು ಹೇಳಿದಷ್ಟು ಗಂಭೀರವಾಗಿ. ಅದರ ಹಿಂದೆಯೇ ಸೇರಿಸಿದರು, "ಮತ್ತೆ, ಇವರ ಹುಡುಗಿ ಅಷ್ಟು ಒಳ್ಳೆಯವಳು ಅಂತ ಇವರೇ ಹೇಳಿದ್ರಲ್ಲ. ನನಗೆ ವಾರ್ಡಿಗೆ ಅಂಥ ಒಬ್ಬಳು ಬೇಕಿತ್ತು."

ನಾನು ಹೇಳಲಿಲ್ಲವೇ?

ಮೈಸೂರಿನವರು ಅಂದು ಒಂದು ಪಾಠ ಕಲಿತರು: ಡಾಕ್ಟರುಗಳನ್ನು ಕೇಳಬಾರದು. ಪಿಎಗಳು ವಿಮೆ ಕೌಂಟರಿಗೆ ಹೋಗುವುದು ಬೇಡ. ಆದರೆ ಯಾರು ಯಾರ ಜೊತೆ ಕೆಲಸ ಮಾಡಬೇಕೆಂದು ಅವರವರನ್ನೇ ಕೇಳುತ್ತೇನೆ, ವಾರ್ಡಿಗೂ ಹೋಗಬಹುದು, ಇದ್ದಲ್ಲೇ ಇರಬಹುದು ಎಂದರು. ಬಹಳ ನ್ಯಾಯವಾದ ಮಾತು. ಮೂಳೆ ಡಾಕ್ಟರ ವಾರ್ಡಿನಲ್ಲಿ ಏಸಿ ಇದೆ, ಕ್ಯಾಂಟೀನು ಪಕ್ಕದಲ್ಲಿದೆ. ನನ್ನ ಬಳಿ ಇರುವುದು ಹೆದ್ದಾರಿಯ ಧೂಳು, ಕಾರ್ಕಳದ ಬಂಡೆಯ ಬಿಸಿಲು, ಮತ್ತು ನಾನು.

ಮಂಗಳವಾರ ಬಂತು. ಆಕೆ ಇನ್ನೂ ತೀರ್ಮಾನ ಹೇಳಿರಲಿಲ್ಲ. ಕಾಪುವಿಗೆ ಹೋಗುವ ದಾರಿಯಲ್ಲಿ ಕಟಪಾಡಿಯ ಹತ್ತಿರ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡೆವು.

"ಸಭೆಯಲ್ಲಿ ನೀವು ಮಾತಾಡಿದ್ರಂತೆ" ಎಂದಳು.

"ಸ್ವಲ್ಪ."

"ಡಾಕ್ಟರಮ್ಮನ ಪಿಎ ಹೇಳಿದ್ಳು. ನಿಮ್ಮ ಕೈ ನಡುಗ್ತಾ ಇತ್ತಂತೆ."

"ಏಸಿ ಜೋರಿತ್ತು."

ಆಕೆ ನಕ್ಕಳೋ ಇಲ್ಲವೋ ನೋಡಲು ನನಗೆ ಧೈರ್ಯವಾಗಲಿಲ್ಲ. ಲಾರಿ ಒಂದಿಷ್ಟು ಮುಂದೆ ಜರುಗಿತು.

"ನಾನು ವಾರ್ಡಿಗೆ ಹೋಗುದಿಲ್ಲ ಸರ್. ಆದರೆ ಒಂದು ಮಾತು ಉಂಟು. ಇಷ್ಟು ಸಮಯ ಆಯ್ತು, ನೀವು ಒಬ್ಬರಿಗಾದ್ರೂ ನಾನು ಯಾರು ಅಂತ ಹೇಳಿದ್ದೀರಾ? ಅರ್ಧ ಜನ ಸಿಸ್ಟರ್ ಅಂತಾರೆ. ಕೆಲವರು ನಿಮ್ಮ ಮಗಳಾ ಅಂತ ಕೇಳ್ತಾರೆ. ಒಬ್ಬರು ಮೊನ್ನೆ ನನ್ನ ಕೈಗೆ ಕೊಡೆ ಕೊಟ್ಟು ಒಣಗಿಸ್ಲಿಕ್ಕೆ ಹೇಳಿದ್ರು. ಸಭೆಯಲ್ಲಿ ಹೇಳಿದ್ದನ್ನು ರೋಗಿಗಳ ಎದುರಿಗೆ ಹೇಳಿ. ಅಲ್ಲಿ ಹೇಳ್ಲಿಕ್ಕೆ ಆಗುದಿಲ್ಲ ಅಂತಾದ್ರೆ ನಾನು ಇದ್ದು ಎಂತ ಮಾಡುದು?"

"ಎಲ್ಲ ರೋಗಿಗಳಿಗೂ ಹೇಳ್ಬೇಕಾ?"

"ಒಬ್ಬರಿಗೆ ಹೇಳಿ. ಕಾಪು ತಾನೆ? ಸಂಜೆ ಒಳಗೆ ಪಡುಬಿದ್ರಿಯವರೆಗೆ ಗೊತ್ತಾಗ್ತದೆ."

ಅಂದು ಮೊದಲು ಒಳಗೆ ಬಂದವರು ಶಿರ್ವದ ಒಬ್ಬ ಹಿರಿಯ ಕ್ರಿಶ್ಚಿಯನ್ ಹೆಂಗಸು. ಮಕ್ಕಳೆಲ್ಲ ಗಲ್ಫಿನಲ್ಲಿ ಇರುವವರು, ಬಾಯಿ ಚುರುಕು. ನಾವು ಬಾಯಮ್ಮ ಎಂದು ಕರೆಯುವುದು. ಸೆರಗಿನಲ್ಲಿ ಮುಖ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತು, "ಎಲ್ಲ ಸರಿ ಉಂಟು" ಎಂದು ಆರಂಭಿಸುವಷ್ಟರಲ್ಲಿ ನಾನು ತಡೆದೆ.

"ಬಾಯಮ್ಮ, ಇವರನ್ನು ನೀವು ನೋಡಿದ್ದೀರಲ್ಲ? ಇವರು ಸಿಸ್ಟರ್ ಅಲ್ಲ. ಫಿಸಿಷಿಯನ್ ಅಸಿಸ್ಟೆಂಟ್. ಇದಕ್ಕೇ ಅಂತ ಓದಿದವರು. ನಿಮ್ಮನ್ನು ಮೊದಲು ಪೂರ್ತಿ ಪರೀಕ್ಷೆ ಮಾಡುದು ಇವರೇ. ಇವರ ಹತ್ತಿರ ಹೇಳಿದ್ರೆ ನನ್ನ ಹತ್ತಿರ ಹೇಳಿದ ಹಾಗೆ. ಒಳ್ಳೆ..." ಇಲ್ಲಿ ಮಾತು ತಡವರಿಸಿತು. ದೃಷ್ಟಿ ತಾಗದಿರಲೆಂದು ಮೇಜಿನ ಮರವನ್ನು ಒಮ್ಮೆ ಮುಟ್ಟಿಕೊಂಡೆ. "ತುಂಬ ಒಳ್ಳೆ ಕೆಲಸ ಮಾಡ್ತಾರೆ."

ಬಾಯಮ್ಮ ಆಕೆಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು.

"ಕೇಳುದೂ ಅವಳೇ, ನೋಡುದೂ ಅವಳೇ, ಹೇಳುದೂ ಅವಳೇ" ಎಂದರು. "ಹಾಗಾದ್ರೆ ನೀವು ಎಂತ ಮಾಡುದು ಡಾಕ್ಟ್ರೇ?"

ಬಂತು. ಇಷ್ಟು ಕಾಲ ಯಾವ ಪ್ರಶ್ನೆಗೆ ಹೆದರಿ ನಾನು ಬಿಸ್ಕೆಟ್ ಅದ್ದುತ್ತಾ ಸುಳ್ಳು ಹೇಳುತ್ತಿದ್ದೆನೋ ಅದು ಸ್ಟೂಲಿನ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ನಾನು ಮೇಜಿನ ಮೇಲಿನ ಸ್ಟೆತೊಸ್ಕೋಪನ್ನು ಸರಿಸಿ ಇಟ್ಟೆ. ಆಕೆಯೇ ಹೇಳಿದಳು:

"ಅವರು ನನ್ನ ತಪ್ಪು ಹುಡುಕುದು ಬಾಯಮ್ಮ. ನಾನು ಅವರದ್ದು ಹುಡುಕುದು."

"ಆಯ್ತಪ್ಪ" ಎಂದು ಬಾಯಮ್ಮ ರವಿಕೆಯ ತೋಳು ಮೇಲೆ ಸರಿಸಿ ಕೈ ಮುಂದೆ ಚಾಚಿದರು. ಯಾರ ಕಡೆಗೆ ಎಂದು ಸ್ಪಷ್ಟವಾಗದ ಹಾಗೆ, ನಮ್ಮಿಬ್ಬರ ನಡುವೆ. "ಇಬ್ಬರದ್ದೂ ಹುಡುಕಿ ಮುಗಿದ ಮೇಲೆ ನನ್ನ ಕಾಯಿಲೆ ಹುಡುಕಿ. ನನಗೆ ಶಿರ್ವದ ಬಸ್ಸಿಗೆ ಹೋಗ್ಲಿಕ್ಕುಂಟು."